ಕಡಲು ಯಾರ ಮಾತು?

ಮ್ಕುನಾಜಿನಿ, ಜಾಂಜಿಬಾರ್
ಜನವರಿ 22, ಗುರುವಾರ ಬೆಳಿಗ್ಗೆ

ರಾಯಾಳ ಅಪ್ಪನಿಗೆ ಶುಫಾ ಹೇಳುವ ಸಲಾಮು.

ನೀವು ಪೆಂಬಾ ದ್ವೀಪದ ನಿಮ್ಮ ಅಕ್ಕನ ಮನೆ ಸೇರಿ, ನನ್ನ ಫೋನು ಎತ್ತುವುದಿಲ್ಲವೆಂದು ಹಟ ಹಿಡಿದು ಆರು ವರ್ಷವಾಯಿತು. ಕಾಗದವಾದರೆ ಓದದೆ ಇರಲಾರಿರಿ, ಕವಿಗಳಲ್ಲವೇ! ತಪ್ಪು ಹುಡುಕಲಿಕ್ಕಾದರೂ ಓದುತ್ತೀರಿ. ಮುನಿಸು ಮುರಿಯಲು ಬರೆದದ್ದಲ್ಲ, ಅದು ಹಾಗೇ ಇರಲಿ. ನಮ್ಮ ತಾರಬ್ ಹಾಡಿನ ಕ್ಲಬ್ಬಿನ ಕುತ್ತಿಗೆಗೆ ಬಂದಿದೆ, ನಿಮ್ಮಿಂದ ಒಂದೇ ಸಾಲಿನ ಉಪಕಾರ ಬೇಕು. ಆದರೆ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ಕಳೆದ ಶನಿವಾರ ಕೋಟೆಯ ಪಕ್ಕದ ತೋಟದಲ್ಲಿ ಕಸ್ಕಾಜಿ ಸಂಗೀತೋತ್ಸವ. ನಮಗೆ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲಿನ ಹೊತ್ತು ಕೊಟ್ಟಿದ್ದರು. ಖರ್ಚೆಲ್ಲ ಒಂದು ಹೋಟೆಲಿನವರದು. ಯಾವ ಹೋಟೆಲು ಗೊತ್ತೇ? ಮ್ವಂಬಾನಿಯ ತೀರಕ್ಕೆ ಬೇಲಿ ಬಿಗಿದದ್ದು. ನೀವು ಹೋದ ಮೇಲೆ ನಮ್ಮಲ್ಲಿ ಹಾಡುತ್ತಿರುವ ಮ್ಗೆನಿಯ ತವರು ಅದೇ ಊರು. ಅವಳ ಅಮ್ಮ, ಅತ್ತೆ, ಊರಿನ ಹೆಂಗಸರೆಲ್ಲ ಕಡಲಪಾಚಿ ಬೆಳೆದು ಬದುಕುವವರು. ಈಗ ಬೇಲಿ ಸುತ್ತಿ ಹೋಗಬೇಕು. ಸುತ್ತಿ ಮುಟ್ಟುವಷ್ಟರಲ್ಲಿ ಇಳಿತ ಮುಗಿದು ನೀರು ಏರಿಬಿಟ್ಟಿರುತ್ತದೆ, ಪಾಚಿ ಅಲ್ಲೇ ಕೊಳೆಯುತ್ತದೆ. ವೇದಿಕೆಯಲ್ಲಿ ರಾಜಕೀಯ ಕೂಡದು ಎಂಬ ಕಾಗದಕ್ಕೆ ನಾವೆಲ್ಲ ರುಜು ಹಾಕಿಯೇ ಹೋದದ್ದು. ನಮ್ಮದೇನು, ಪ್ರೇಮದ ಹಾಡು! ನಿಮ್ಮ ಮಲ್ಲಿಗೆ ಬೇಲಿಯ ಹಾಡನ್ನೇ ಹಾಡುವುದೆಂದು ತೀರ್ಮಾನವಾಗಿತ್ತು.

ವೇದಿಕೆಯ ಹಿಂದೆ ನಾನು ನನ್ನ ಕಾನೂನು ವಾದ್ಯವನ್ನು ತೊಡೆಯ ಮೇಲಿಟ್ಟು ತಂತಿ ಬಿಗಿಯುತ್ತ ಕೂತಿದ್ದೆ. ಮ್ಗೆನಿ ಮುಖ ಊದಿಸಿಕೊಂಡು ಬಂದಳು. "ಅಕ್ಕಾ, ಮುಂದಿನ ಸಾಲಲ್ಲಿ ಬೇಲಿ ಹಾಕ್ದೋರೇ ಕೂತವ್ರೆ. ನಮ್ಮವ್ವ ದಾಲಾದಾಲಾ ಬಸ್ಸು ಹಿಡ್ಕೊಂಡು ಬಂದು ಹಿಂದ್ಗಡೆ ನಿಂತವ್ಳೆ. ನಾನ್ ಪ್ರೇಮದ ಹಾಡು ಹೆಂಗ್ ಹಾಡ್ಲಿ?" ಅಂದಳು. ನನ್ನ ಬಾಯಿಂದ ಹೇಗೆ ಬಂತೋ ಕಾಣೆ, "ಅಂಗಳ ಅನ್ನೋ ಕಡೆ ಕಡಲು ಅನ್ನು," ಅಂದೆ. ಅವಳು ನನ್ನನ್ನೇ ನೋಡಿದಳು. "ಒಂದೇ ಮಾತಾ?" ಅಂದಳು. "ಒಂದೇ. ಸಾಕು," ಅಂದೆ.

ಹಾಡು ಶುರುವಾಯಿತು.

ಬೇಲಿ ಹಾಕಿದೆಯಲ್ಲ ಮಲ್ಲಿಗೆಯದು,
ಕಡಲಿಗೆ ಹೇಗೆ ಬರಲಿ ಹೇಳು?
ನೆಟ್ಟವನೇ ಎದ್ದು ಬಾ ಚೆಲುವ,
ನೆಟ್ಟ ಕೈಯಲ್ಲೇ ಕೀಳು.

ಮೊದಲ ಸಲ ಯಾರಿಗೂ ಹೊಳೆಯಲಿಲ್ಲ. ಎರಡನೆಯ ಸಲ ಹಿಂದಿನಿಂದ ಒಂದು ನಗು ಕೇಳಿತು. ಮೂರನೆಯ ಸಲಕ್ಕೆ ಮ್ವಂಬಾನಿಯ ಹೆಂಗಸರು ನಾಲಿಗೆ ಹೊರಳಿಸಿ ಎಂಥ ಕೂಗು ಹಾಕಿದರೆಂದರೆ, ಮರದ ಮೇಲಿನ ಕಾಗೆಗಳೆಲ್ಲ ಎದ್ದುಹೋದವು. ಒಬ್ಬೊಬ್ಬರಾಗಿ ಕುಣಿಯುತ್ತ ವೇದಿಕೆಗೆ ಬಂದರು. ಹಾಡುವವಳ ಕೈಗೆ ನೋಟು ಕೊಡುವುದು ನಮ್ಮ ವಾಡಿಕೆಯಲ್ಲವೇ? ಇವರು ಉಟ್ಟ ಕಂಗಾ ಬಟ್ಟೆಯ ಗಂಟು ಬಿಚ್ಚಿ ಕೊಟ್ಟದ್ದು ಪಾಚಿ! ಕೊಳೆತ ಪಾಚಿಯ ಎಳೆ. ಮ್ಗೆನಿ ಅದನ್ನೇ ಹಾರ ಮಾಡಿ ಹಾಕಿಕೊಂಡು ಹಾಡಿದಳು. ನಾತ ನನ್ನ ಮೂಗಿನವರೆಗೂ ಬಂತು. ನನ್ನ ಬೆರಳುಗಳೋ, ಇಪ್ಪತ್ತು ವರ್ಷದ ಹುಡುಗಿಯವಾಗಿದ್ದವು.

ಮುಂದಿನದನ್ನು ಕೇಳಿ, ನಗು ತಡೆದುಕೊಳ್ಳಿ. ಮುಂದಿನ ಸಾಲಿನ ನಡುವೆ ಕೂತಿದ್ದ ಮಂತ್ರಿಗಳು, ಬೇಲಿಗೆ ಒಪ್ಪಿಗೆ ಕೊಟ್ಟವರು ಅವರೇ, ಅಷ್ಟು ಹೊತ್ತೂ ಹೋಟೆಲಿನವನ ಕಿವಿಯಲ್ಲಿ ಮಾತಾಡುತ್ತಿದ್ದರು. ಜನ ಕುಣಿಯುವುದನ್ನು ಕಂಡರು. ಆಹಾ, ಹಳೆಯ ಪ್ರೇಮಗೀತೆ ಎಂದುಕೊಂಡರು. ಕಾರ್ಯದರ್ಶಿ ಕೋಟಿನ ತುದಿ ಜಗ್ಗುತ್ತಿದ್ದರೂ ಎದ್ದೇಬಿಟ್ಟರು! ಸರಿಯಾಗಿ "ನೆಟ್ಟವನೇ ಎದ್ದು ಬಾ" ಎನ್ನುವಾಗ, ನೋಟು ಎತ್ತಿ ಹಿಡಿದು, ಸೊಂಟ ತೂಗುತ್ತ ವೇದಿಕೆ ಹತ್ತಿ, ಮ್ಗೆನಿಯ ಕೈಗೆ ಕೊಟ್ಟರು. ಯಾವ ಸಾಲಿಗೆ ನೋಟು ಕೊಟ್ಟರೋ ಆ ಸಾಲು ಕೊಟ್ಟವರದು! ನಮ್ಮೂರಿನ ಮಗುವಿಗೂ ಗೊತ್ತಿರುವ ಈ ಮಾತು ಅವರಿಗೆ ಮರೆತೇಹೋಗಿತ್ತು. ಜನ ಬಿದ್ದು ಬಿದ್ದು ನಕ್ಕರು, ಅತ್ತವರೂ ಇದ್ದರು. ಮ್ಗೆನಿಯ ಅಮ್ಮ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಒಪ್ಕೊಂಡ ಕಣ್ರೇ! ಬೇಲಿ ತಾನೇ ಕೀಳ್ತೀನಿ ಅಂತ ಒಪ್ಕೊಂಡ!"

ಆ ಮೇಲೆ ಶುರುವಾಯಿತು ರಂಪ. ಮಂತ್ರಿಗಳು ಕುಣಿದ ಚಿತ್ರ ಎಲ್ಲರ ಫೋನಿನಲ್ಲೂ ಇದೆ. ನಿಮ್ಮ ಅಕ್ಕನ ಮಕ್ಕಳು ಖಂಡಿತ ನೋಡಿರುತ್ತಾರೆ, ನಿಮಗೆ ತೋರಿಸಲು ಹೆದರಿರಬೇಕು. ಇಲ್ಲಿ ಜಗಲಿ ಜಗಲಿಯಲ್ಲೂ ಕಾಫಿ ಆರುವವರೆಗೆ ಜಗಳ. ಉಂಡ ಮನೆಗೆ ಎರಡು ಬಗೆದವರು ಎಂದು ಅರ್ಧ ಊರು ಬೈಯುತ್ತದೆ. ಹಾಡಲು ಕರೆದರೆ ಹಾಡಬೇಕು, ಹೋರಾಟಕ್ಕೆ ಬೇರೆ ಜಾಗವಿಲ್ಲವೇ ಎಂದು ನಮ್ಮ ಪಿಟೀಲಿನವರೇ ನನ್ನ ಮುಖಕ್ಕೆ ಹೇಳಿದರು. ಇನ್ನರ್ಧ ಊರು ದಾರಿಯಲ್ಲಿ ನನ್ನ ಕೈ ಹಿಡಿದು ಮುತ್ತಿಡುತ್ತದೆ. ಮೀನಿನವನು ಆಯ್ದ ಮೀನು ಕೊಡುತ್ತಾನೆ. ಮಂಗಳವಾರ ಹೋಟೆಲಿನವರು ಬೇಲಿಯಲ್ಲಿ ಒಂದು ಬಾಗಿಲು ಕೊರೆಸಿದ್ದಾರೆ, ಇಳಿತದ ಹೊತ್ತಿಗೆ ತೆರೆಯುತ್ತಾರಂತೆ. ಒಂದು ಮಾತಿಗೆ ಒಂದು ಬಾಗಿಲು!

ಬುಧವಾರ ಪರವಾನಗಿ ಸಮಿತಿಯಿಂದ ಕರೆ ಬಂತು. ಕನ್ನಡಕದ ಒಬ್ಬ ಅಧಿಕಾರಿ, ನಮ್ಮ ರಾಯಾಳ ವಯಸ್ಸಿನವನು. "ಅಮ್ಮಾ, ಕಾನೂನು ಅಂದ್ರೆ ಏನು ಗೊತ್ತೇನ್ರೀ ನಿಮಗೆ?" ಎಂದು ಕೇಳಿದ. ಬಿಟ್ಟೇನೆಯೇ! "ನಲವತ್ತು ವರ್ಷದಿಂದ ತೊಡೆ ಮೇಲೆ ಇಟ್ಕೊಂಡಿದೀನಪ್ಪ. ಎಪ್ಪತ್ತೆಂಟು ತಂತಿ. ದಿನಾ ಬಿಗಿದ್ರೂ ದಿನಾ ಸಡಿಲ ಆಗುತ್ತೆ," ಅಂದೆ. ಬಾಗಿಲಲ್ಲಿದ್ದ ಜವಾನ ನಕ್ಕ. ಅಧಿಕಾರಿ ನಗಲಿಲ್ಲ.

ಅವರಿಗೆ ಬೇಕಾದದ್ದು ಇಷ್ಟೇ: ಕಡಲು ಎಂಬ ಮಾತು ಯಾರದು? ಯಾರೂ ತನ್ನದೆಂದು ಒಪ್ಪದಿದ್ದರೆ ಕ್ಲಬ್ಬಿನ ಪರವಾನಗಿ ರದ್ದು. ಸೋಮವಾರದವರೆಗೆ ಗಡುವು. ನಮ್ಮಜ್ಜಂದಿರು ಕಟ್ಟಿದ ಕ್ಲಬ್ಬು, ಮದುವೆ ಮನೆಗಳಲ್ಲಿ ಹಾಡಿ ಬದುಕುವ ಹದಿನಾಲ್ಕು ಸಂಸಾರ. ಹಾಡಿನ ಪುಸ್ತಕವನ್ನು ನೀವು ಹೊತ್ತುಕೊಂಡು ಹೋದಿರಿ, ಇಲ್ಲಿ ಯಾರ ಬಳಿಯೂ ಮೂಲವಿಲ್ಲ. ಆದ್ದರಿಂದ ಒಂದು ಸಾಲು ಬರೆದುಕೊಡಿ: "ಕಡಲು ನನ್ನದೇ ಮಾತು, ಮೊದಲಿನಿಂದಲೂ ಇದ್ದದ್ದು." ಅಷ್ಟೇ. ಹಳೆಯ ಹಾಡು, ಹಳೆಯ ಮಾತು ಎಂದು ಕಡತ ಮುಚ್ಚುತ್ತಾರೆ. ನಿಮಗೆ ಏನೂ ಆಗುವುದಿಲ್ಲ.

ಗೊತ್ತು, ನಿಮ್ಮ ಮೀಸೆ ಕುಣಿಯುತ್ತಿದೆ. ನಿಮ್ಮ ಹಾಡಿನ ಒಂದು ಮಾತು ಬದಲಿಸಿದೆನೆಂದೇ ಅಂದು ಮನೆ ಬಿಟ್ಟವರು ನೀವು. "ತಂತಿ ಮೀಟೋಳಿಗೆ ಮಾತು ಕಟ್ಟೋದು ಬರಲ್ಲ ಕಣೇ," ಎಂದು ಹದಿನಾಲ್ಕು ಜನರೆದುರು ಅಂದಿರಿ. ಆ ಮಾತು ನನಗೆ ಇನ್ನೂ ಉರಿಯುತ್ತದೆ. ಆದರೂ ಕೇಳುತ್ತಿದ್ದೇನೆ, ನಿಮಗೆ ಖಂಡಿತ ಏನೂ ಆಗುವುದಿಲ್ಲ. ದೋಣಿಯವನ ಕೈಯಲ್ಲೇ ಉತ್ತರ ಕೊಟ್ಟು ಕಳಿಸಿ.

ಮಗಳು ರಾಯಾ ಸಲಾಮು ಹೇಳಿದ್ದಾಳೆ. ಅಲ್ಲಿ ಒಣಹಾಕಿದ ಲವಂಗದ ಘಾಟಿಗೆ ನಿಮ್ಮ ಕೆಮ್ಮು ಹೇಗಿದೆ?

ಇತಿ,
ಶುಫಾ ಬಿಂತಿ ಹಾಜಿ

ತಾಜಾ ಕಲಂ, ಶನಿವಾರ: ಗಾಳಿ ಜೋರಾಗಿ ಎರಡು ದಿನ ದೋಣಿ ಹೊರಡಲಿಲ್ಲ. ಕಾಗದ ನನ್ನ ಬಳಿಯೇ ಉಳಿಯಿತು, ಮತ್ತೆ ಓದಿದೆ. "ಏನೂ ಆಗುವುದಿಲ್ಲ" ಎಂದು ಎರಡು ಸಲ ಬರೆದಿದ್ದೇನೆ. ಸುಳ್ಳು. ಮಾತು ಯಾರದೋ ಅವರು ಎರಡು ವರ್ಷ ಯಾವ ವೇದಿಕೆಯನ್ನೂ ಹತ್ತುವಂತಿಲ್ಲ, ಅವರ ಯಾವ ಹಾಡನ್ನೂ ಯಾರೂ ಹಾಡುವಂತಿಲ್ಲ ಎಂದು ಸಮಿತಿ ಕೊಟ್ಟ ನೋಟೀಸಿನಲ್ಲಿ ಸ್ಪಷ್ಟವಾಗಿತ್ತು. ನಿಮ್ಮ ತಲೆ ಕೊಟ್ಟು ಕ್ಲಬ್ಬನ್ನೂ ನನ್ನನ್ನೂ ಉಳಿಸಿಕೊಳ್ಳಲು ಹೊರಟಿದ್ದೆ. ನಾಚಿಕೆಯಾಯಿತು. ನಿಜ ಹೇಳಲೇ? ನಾಚಿಕೆಗಿಂತ ಹೊಟ್ಟೆಕಿಚ್ಚು ಹೆಚ್ಚಾಯಿತು: ಅಂಥ ಮಾತನ್ನು ನಿಮಗೇಕೆ ಬಿಟ್ಟುಕೊಡಲಿ? ಇವತ್ತು ಬೆಳಿಗ್ಗೆ ಹೋಗಿ, ನನ್ನದೇ ಅಂದೆ. ಕ್ಲಬ್ಬು ಉಳಿಯಿತು. ಎರಡು ವರ್ಷ ನನ್ನ ಜಾಗದಲ್ಲಿ ರಾಯಾ ಕೂರುತ್ತಾಳೆ. ನನಗೆ ಕೊಟ್ಟ ಆಜ್ಞೆಯಲ್ಲಿ ಸರ್ಕಾರದ ಮೊಹರಿನ ಕೆಳಗೆ ಹೀಗಿದೆ: "ಮಾತು: ಕಡಲು. ಬರೆದವರು: ಕವಯಿತ್ರಿ ಶುಫಾ ಬಿಂತಿ ಹಾಜಿ." ನಿಮ್ಮ ಇಡೀ ಪುಸ್ತಕದಲ್ಲಿ ಒಂದು ಪದ್ಯಕ್ಕಾದರೂ ಮೊಹರಿದೆಯೇ? ಗಾಜು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದೇನೆ. ತಪ್ಪು ಹುಡುಕಲಿಕ್ಕಾದರೂ ಬನ್ನಿ.