ಹನ್ನೆರಡು ಲ್ಯಾಪ್‌ಟಾಪ್‌ಗಳ ಪರೀಕ್ಷೆ

ಮ್ಯಾನೇಜರ್ ಸಾರ್‌ಗೆ ನಮಸ್ಕಾರ.

ನೀವು ಹೇಳಿದಂತೆ, ಮನೆಯಿಂದಲೇ ಆಫೀಸ್ ನೆಟ್‌ವರ್ಕ್ ಸೇರುವ ಹಾಗೆ ಹನ್ನೆರಡು ಲ್ಯಾಪ್‌ಟಾಪ್‌ಗಳನ್ನೂ ಸಜ್ಜು ಮಾಡಿ, ನನ್ನ ಮನೆಯಲ್ಲಿ ಪರೀಕ್ಷಿಸಿದೆ. ಎಲ್ಲವೂ ಮೊದಲ ಸಲಕ್ಕೇ ಸೇರಿಕೊಂಡವು. ಒಂದು ಮಧ್ಯಾಹ್ನದ ಕೆಲಸ, ಅಷ್ಟೇ.

ಅಕ್ಕ ಹಾಸಿಗೆ ಹಿಡಿದಾಗ ನಾನು ಕೇಳಿದ್ದೂ ಇದನ್ನೇ. "ಅದೆಲ್ಲ ಆಗೋ ಹೋಗೋ ಮಾತಲ್ಲಮ್ಮ" ಎಂದಿರಿ. "ಪಕ್ಕದಲ್ಲೇ ಕೂತು ಕೆಲ್ಸ ಮಾಡ್ಕೊಳೇ, ನಾನು ಮಾತಾಡ್ಸಲ್ಲ" ಎನ್ನುತ್ತಿದ್ದಳು ಅವಳು. ಅವಳು ತೀರಿಕೊಂಡ ಮರುವಾರ ನೀವು ಕಾಲು ಮುರಿದುಕೊಂಡಿರಿ, ಮನೆಯಿಂದಲೇ ಕೆಲಸ ಮಾಡಬಹುದೆಂದು ಆದೇಶ ಬಂತು.

ಹನ್ನೆರಡನ್ನೂ ಒಟ್ಟಿಗೆ ಹರಡಲು ಮನೆಯಲ್ಲಿ ಖಾಲಿ ಇದ್ದದ್ದು ಅವಳ ಮಂಚವೊಂದೇ. ದಯವಿಟ್ಟು ನಾಳೆಯೇ ಯಾರನ್ನಾದರೂ ಕಳಿಸಿ ಇವನ್ನು ತರಿಸಿಕೊಳ್ಳಿ. ಪಟ್ಟಿಯಲ್ಲಿ ನನ್ನ ಹೆಸರಿಗೂ ಒಂದಿದೆ. ಅದನ್ನು ಬೇರೆಯವರಿಗೆ ಕೊಡಿ.

ನಾನು ಆಫೀಸಿಗೇ ಬರುತ್ತೇನೆ.

ಇತಿ,
ನಿಮ್ಮ ನೆಟ್‌ವರ್ಕ್ ವಿಭಾಗದವಳು