ಕೆಳಗಿನ ಎರಡು ಅಂತಸ್ತಿನ ತೂಕ

ಸೈಟ್ ಶೆಡ್ಡಿನಿಂದ,
ಶನಿವಾರ, ಹದಿನಾರನೇ ತಾರೀಖು

ಪ್ರೀತಿಯ ಅಪ್ಪಾ,

ಕಾಲಿನ ಪ್ಲಾಸ್ಟರ್ ಬಿಚ್ಚಿದರಂತೆ, ಅಕ್ಕ ಹೇಳಿದಳು. ನೋವು ಇಳಿದಿದೆಯೇ? ಊರುಗೋಲು ಬೇಡವೆಂದು ಹಟ ಮಾಡಿ ಗೋಡೆ ಹಿಡಿದುಕೊಂಡು ಓಡಾಡುತ್ತೀರಂತೆ. ಅಕ್ಕನ ಮನೆಯ ಗೋಡೆ ನೀವು ಕಟ್ಟಿಸಿದ್ದಲ್ಲ, ಅಷ್ಟೊಂದು ನಂಬಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ತಲೆಯೊಂದನ್ನು ಬಿಟ್ಟು. ಅದನ್ನು ಕ್ಲಿನಿಕ್ ಕಟ್ಟಿಸುತ್ತಿರುವ ಡಾಕ್ಟರು ತಿಂದು ಮುಗಿಸಿದ್ದಾರೆ.

ಜಾಗ ನಿಮಗೆ ಗೊತ್ತೇ ಇದೆ, ಕಡಿದಾದ ಇಳಿಜಾರು. ಮೇಲಿನ ರಸ್ತೆಯಿಂದ ಒಳಗೆ ಕಾಲಿಟ್ಟರೆ ನೇರ ಮೂರನೇ ಅಂತಸ್ತು. ಕೆಳಗಿನ ಎರಡು ಅಂತಸ್ತಿಗೆ ಹಿಂದೆ ಮಣ್ಣು, ಮುಂದೆ ಬರೀ ಗಾಳಿ. ಅವೆರಡೂ ನೆಲದೊಳಗಿನವು, ನಾನು ಹಾಕುತ್ತಿರುವ ಭೂಕಂಪದ ಲೆಕ್ಕಕ್ಕೆ ಅವುಗಳ ತೂಕ ಯಾಕೆ ಎಂಬುದು ಡಾಕ್ಟರ ವಾದ. ಮೂರು ವಾರದಿಂದ ಇದೇ ರಾಗ. ನೆಲ ಅಲುಗಿದಾಗ ಕಟ್ಟಡ ತನ್ನ ತೂಕಕ್ಕೆ ತಕ್ಕಂತೆ ತೊನೆಯುತ್ತದೆ, ಆ ತೂಕವನ್ನು ನೆಲ ನಾಲ್ಕೂ ಕಡೆಯಿಂದ ಗಟ್ಟಿಯಾಗಿ ಹಿಡಿದಿರುವ ಮಟ್ಟದಿಂದ ಮೇಲಕ್ಕೆ ಎಣಿಸಬೇಕು, ಒಂದೇ ಕಡೆ ಒರಗಿದ ಮಣ್ಣು ಹಿಡಿಯುವುದಿಲ್ಲ, ತಳ್ಳುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಬೆಂಕಿಪೊಟ್ಟಣವನ್ನು ಪುಸ್ತಕಕ್ಕೆ ಒರಗಿಸಿ ಮೇಜು ಅಲ್ಲಾಡಿಸಿಯೂ ತೋರಿಸಿದೆ. "ಬೆಂಕಿಪೊಟ್ಟಣದಲ್ಲಿ ಯಾರು ಪೇಷಂಟ್ ನೋಡ್ತಾರಮ್ಮ" ಎಂದರು. ಕೆಳಗೆ ಎಕ್ಸ್‌ರೇ ಯಂತ್ರ ಬರುತ್ತದೆ, ಹಳೇ ಕಡತಗಳ ಕೋಣೆ ಬರುತ್ತದೆ, ನೀರಿನ ಟ್ಯಾಂಕೂ ಬರುತ್ತದೆ. ಎಲ್ಲ ಇರುತ್ತವಂತೆ, ತೂಕ ಮಾತ್ರ ಇರುವುದಿಲ್ಲವಂತೆ. ಇಂಥವರಿಗೆ ಏನು ಹೇಳುವುದು.

ಹೋದ ಸೋಮವಾರ ಕೊನೆಯ ಬಾಣ ಬಿಟ್ಟರು. "ನಿಮ್ಮಪ್ಪ ಇದೇ ಇಳಿಜಾರಿನ ನರ್ಸಿಂಗ್ ಹಾಸ್ಟೆಲ್‌ಗೆ ಮೇಲಿನ ರಸ್ತೆ ಮಟ್ಟದಿಂದಲೇ ಲೆಕ್ಕ ಹಾಕಿದ್ರು. ಅವರಿಗಿಂತ ನೀವು ದೊಡ್ಡವರಾ?" ನನಗೆ ಮೈಯೆಲ್ಲ ಉರಿಯಿತು. "ನಮ್ಮಪ್ಪ ಅಂಥ ಕೆಲಸ ಮಾಡೋರಲ್ಲ, ಕಾಗದ ತಂದು ತೋರಿಸ್ತೀನಿ" ಎಂದು ಎದ್ದು ಬಂದೆ.

ಅಪ್ಪಾ, ನಿಮ್ಮ ಬೀರುವಿನ ಬಗ್ಗೆ ಏನು ಹೇಳಲಿ. ಆ ಕಡತ ಹುಡುಕುವುದರಲ್ಲಿ ಮಧ್ಯಾಹ್ನವೆಲ್ಲ ಹೋಯಿತು. 'ಮುಖ್ಯ' ಎಂದು ಬರೆದ ಹದಿನಾಲ್ಕು ಕಟ್ಟು, 'ಅತಿ ಮುಖ್ಯ' ಎಂದು ಒಂಬತ್ತು. ಅತಿ ಮುಖ್ಯದ ಒಂದು ಕಟ್ಟಿನಲ್ಲಿ ನನ್ನ ಎರಡನೇ ಕ್ಲಾಸಿನ ಅಂಕಪಟ್ಟಿ. ಸೀನಿ ಸೀನಿ ಮೂಗು ಕೆಂಪಾಯಿತು. ಮೂವತ್ತು ವರ್ಷ ಊರಿಗೆಲ್ಲ ಶಿಸ್ತಿನ ಪಾಠ ಹೇಳಿದ ಮನುಷ್ಯನ ಬೀರು ಇದು. ಕಡತ ಸಿಕ್ಕಿತು. ಅದಿರಲಿ.

ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ. ಮೆಟ್ಟಿಲಿಳಿಯುವ ಸಾಹಸ ಇನ್ನೊಂದು ವಾರ ಬೇಡ. ಅಕ್ಕ, ಭಾವನಿಗೆ ನನ್ನ ನೆನಪು ಹೇಳಿ.

ನಿಮ್ಮ ಸಿಡುಕಿ,
ಕಿರಿಮಗಳು

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಡಾಕ್ಟರು ಹೇಳಿದ್ದು ನಿಜ. ಹಾಸ್ಟೆಲಿನ ಲೆಕ್ಕದಲ್ಲಿ ನಿಮ್ಮದೇ ಗುಂಡಕ್ಷರ: 'ಕೆಳಗಿನ ಎರಡು ಅಂತಸ್ತು ನೆಲದೊಳಗಿವೆ, ಸೇರಿಸಿಲ್ಲ.' ಹೋಗಿ ನೋಡಿದೆ. ಆ ಎರಡೂ ಅಂತಸ್ತಿನ ಮುಂಭಾಗದಲ್ಲಿ ಸಾಲು ಕಿಟಕಿ, ಒಣಹಾಕಿದ ಬಟ್ಟೆ. ಮೂರು ಸಲ ಲೆಕ್ಕ ಹಾಕಿದೆ, ಕೆಳಗಿನ ಕಂಬಗಳು ಸಾಲವು. ಅವತ್ತೇ ವಾರ್ಡನ್‌ಗೆ ತಿಳಿಸಿದೆ. ಎಂಬತ್ತಾರು ಹುಡುಗಿಯರು ಹಾಸಿಗೆ ಸುತ್ತಿಕೊಂಡು ಕಾಲೇಜಿನ ಹಾಲ್‌ಗೆ ಹೋಗಿದ್ದಾರೆ. ಲೆಕ್ಕದ ಕೆಳಗಿನ ಸಹಿ ಯಾರದ್ದು ಎಂದು ವಾರ್ಡನ್ ಕೇಳಿದರು, ಹೇಳಿದೆ. ಇದು ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳಬಾರದು. ಡಾಕ್ಟರಿಗೂ ಹೇಳಿದೆ: "ಹೌದು, ನಮ್ಮಪ್ಪ ಹಾಗೇ ಮಾಡಿದ್ರು, ಅದಕ್ಕೇ ನಾನು ಮಾಡಲ್ಲ." ಹಾಸ್ಟೆಲಿಗೆ ಹೊಸದಾಗಿ ಎಬ್ಬಿಸಬೇಕಾದ ಗೋಡೆಗಳ ನಕ್ಷೆಯನ್ನು ಇದರ ಜೊತೆ ಮಡಿಸಿ ಇಟ್ಟಿದ್ದೇನೆ. ಕೆಂಪು ಪೆನ್ಸಿಲ್ ಹಿಡಿದು ಕೂತು ನೋಡಿ. ನೀವು ನೋಡದೆ ಕಾಲೇಜಿಗೆ ಕಳಿಸಲು ನನಗೆ ಧೈರ್ಯವಿಲ್ಲ.