ಹನುಮಗಿರಿ ವಿಠಲನ ಕಾಫಿ

ಸೆಪ್ಟೆಂಬರ್ 12, ಗುರುವಾರ, ಸಂಜೆ
ವಾಕಿಂಗ್ ಅರ್ಧಕ್ಕೇ ನಿಂತಿತು. ಮಿನಿ ಫಾರೆಸ್ಟ್ ಹತ್ತಿರದ ಗಣೇಶನ ಪೆಂಡಾಲಿನಲ್ಲಿ ಮತ್ತೆ ನಮ್ಮದೇ ‘ಸಿಗ್ನಲ್ ಬಿಡ್ರೋ’. ಹಾಡು ಬರೆಯುತ್ತಿದ್ದ ಸುಶ್ರುತ ತೀರಿಕೊಂಡ ಮೇಲೆ ನಮ್ಮ ಗಿರಗಟ್ಲೆ ಬ್ಯಾಂಡೇ ಮುಚ್ಚಿತು, ಈ ಹಾಡು ಮಾತ್ರ ಸಾಯುತ್ತಿಲ್ಲ. ಮದುವೆ, ಜಿಮ್, ಕ್ರಿಕೆಟ್ ಮ್ಯಾಚ್, ಈಗ ಗಣಪತಿ. ಡ್ರಮ್ಸ್ ಬಾರಿಸಿದವನು ಇಲ್ಲೇ ನಿಂತಿದ್ದೇನೆ, ಯಾರಿಗೆ ಗೊತ್ತು? ‘ಅಂಕಲ್, ಸ್ವಲ್ಪ ಸೈಡಿಗೆ ಬನ್ನಿ, ಡ್ಯಾನ್ಸ್‌ಗೆ ಜಾಗ ಬೇಕು’ ಎಂದ ಒಬ್ಬ.
ಸುಶ್ರುತ ಬರೆದ ಒಳ್ಳೆಯ ಹಾಡುಗಳು ಯಾರಿಗೂ ಬೇಡ. ‘ಕಾಸಿಟ್ಟ ಕಾಫಿ ಆರಿಹೋಯ್ತು’ ಎಂಬ ಆ ಕಾಫಿ ಹಾಡಂತೂ ಅವನ ಜೊತೆಗೇ ಹೋಯಿತು.

ಸೆಪ್ಟೆಂಬರ್ 14, ಶನಿವಾರ
ನನ್ನ ಹೆಂಡತಿ ಹಂಸಾ, ಭಜನಾ ಮಂಡಳಿಯಿಂದ ಬಂದವಳೇ ತರಕಾರಿ ಹೆಚ್ಚುತ್ತಾ ಗುನುಗುತ್ತಿದ್ದಳು — ‘ಕಾಸಿಟ್ಟ ಹಾಲು ಆರಿಹೋಯ್ತು, ಇನ್ನೂ ಯಾಕೆ ಬರಲಿಲ್ಲ...’ ಹೌಹಾರಿದೆ. ಹಾಲಲ್ಲ, ಕಾಫಿ! ಸುಶ್ರುತನ ಹಾಡು!
‘ನಿಮ್ ಬ್ಯಾಂಡಿಂದಾ? ಸುಮ್ನಿರಿ. ದಾಸರ ಪದ ಇದು. ಕೊನೇಲಿ ಅಂಕಿತ ಇದೆಯಲ್ಲ, ಹನುಮಗಿರಿ ವಿಠಲ ಅಂತ.’
ದಾಸರು ತಮ್ಮ ಗುರುತಿಗೆ ಕೊನೆಯ ಸಾಲಿನಲ್ಲಿ ಹೆಸರು ಹಾಕುತ್ತಾರೆ, ಸರಿ. ನಮ್ಮ ಹಾಡಿಗೆ ಹಾಕಿದವರು ಯಾರು? ಹನುಮಗಿರಿಯಂತೆ! ಹನುಮಂತನಗರದ ಗುಡ್ಡ ಇರಬೇಕು. ಕ್ಯಾಸೆಟ್ ಹುಡುಕಿ ತೋರಿಸಿದೆ. ಕೇಳಿಸೋಣವೆಂದರೆ ಪ್ಲೇಯರ್ ಇಲ್ಲ. ಕರ್ಮ!
ಮುಂದಿನ ಶನಿವಾರ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾರಂತೆ, ‘ದಾಸರ ಅಪರೂಪದ ಪದ’ ಎಂದು. ಹಾಕಿದರೆ ಮುಗಿಯಿತು, ಸುಶ್ರುತನ ಹೆಸರು ಅಳಿಸಿಹೋದಂತೆಯೇ. ಬಿಡುವುದಿಲ್ಲ.

ಸೆಪ್ಟೆಂಬರ್ 15
ಮಂಡಳಿಯ ಸೆಕ್ರೆಟರಿ ತೇಜಸ್ವಿನಿಗೆ ಫೋನ್ ಮಾಡಿದೆ. ‘ಅಂಕಲ್, ಬ್ಯಾಂಡ್‌ನೋರೇ ದಾಸರ ಪದ ಕದ್ದಿರ್ಬೇಕು ನೋಡಿ’ ಎಂದಳು. ಕದ್ದವರು ನಾವು! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇದನ್ನು ಹೇಳಿಕೊಟ್ಟವರು ಯಾರಮ್ಮ ಎಂದೆ.
‘ನಮ್ ಸೀತಮ್ಮನೋರು.’
ಸೀತಮ್ಮ ಸುಶ್ರುತನ ತಾಯಿ. ನಮ್ಮ ಒಂದು ಪ್ರೋಗ್ರಾಮಿಗೂ ಬಂದವರಲ್ಲ, ‘ಆ ಕಿರುಚಾಟ’ ಎನ್ನುತ್ತಿದ್ದರು. ಎಲ್ಲೋ ಕೇಳಿಸಿಕೊಂಡು ದಾಸರದ್ದು ಅಂದುಕೊಂಡರೇ? ಮಗನ ಹಾಡೆಂದು ಅವರಿಗೇ ಗೊತ್ತಿಲ್ಲವೇ? ನಾನು ಹೇಗೆ ಹೇಳಲಿ...

ಸೆಪ್ಟೆಂಬರ್ 19
ಇವತ್ತು ಧೈರ್ಯ ಮಾಡಿ ಹನುಮಂತನಗರದ ಸೀತಮ್ಮನವರ ಮನೆಗೆ ಹೋದೆ. ಸ್ಕೂಟರ್ ನಿಲ್ಲಿಸಲು ಜಾಗವಿಲ್ಲದೆ ಬೀದಿ ಬೀದಿ ಸುತ್ತಿ, ಸಿಡುಕಿಕೊಂಡೇ ಒಳಗೆ ಹೋದೆ. ತಡವರಿಸುತ್ತಾ ವಿಷಯ ಎತ್ತಿದರೆ ಸೀತಮ್ಮ ನಕ್ಕರು.
‘ಗೊತ್ತು ಕಣೋ ಚಕ್ರಪಾಣಿ. ನನ್ನ ಅಡುಗೆಮನೇಲಿ ಕೂತೇ ಬರ್ದಿದ್ದು ಅವನು. ಕಾಫೀನ ಹಾಲು ಮಾಡಿದ್ದು ನಾನೇ. ಅಂಕಿತಾನೂ ನಂದೇ.’
‘ಯಾಕಮ್ಮ? ಅವನ ಹೆಸರೇ ಹೋಯ್ತಲ್ಲ!’ ರೇಗಿಬಿಟ್ಟೆ.
‘ಬ್ಯಾಂಡ್ ಹಾಡು ಅಂದಿದ್ರೆ ಇವರು ಹಾಡ್ತಿದ್ರಾ? ಈಗ ಪ್ರತಿ ಶನಿವಾರ ಅಷ್ಟೂ ಜನ ಬಾಯ್ತುಂಬ ಹಾಡ್ತಾರೆ. ಹೆಸರು ಇಟ್ಕೊಂಡು ಏನ್ಮಾಡ್ಲಿ? ನಂಗೆ ಹಾಡು ಕೇಳ್ಬೇಕು.’
ಸಿಟ್ಟು ಇಳಿಯಲಿಲ್ಲ. ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ಏನು ಮಾಡುವುದು? ‘ಶನಿವಾರ ಬಾ. ಪಾಪಯ್ಯಂಗೆ ಕೈನೋವು, ತಾಳ ಹಾಕೋರಿಲ್ಲ’ ಎಂದರು.

ಸೆಪ್ಟೆಂಬರ್ 21, ಶನಿವಾರ
ಹೋದೆ. ಗಿರಗಟ್ಲೆಯ ಡ್ರಮ್ಮರ್, ಜಮಖಾನದ ಮೇಲೆ ತಾಳ ಹಿಡಿದು! ಮಂಡಿ ಹಿಡಿದುಕೊಂಡಿತು. ಎಳೆದೆಳೆದು ಹಾಡುತ್ತಾರೆ, ಸ್ಪೀಡ್ ಹೆಚ್ಚಿಸಿದರೆ ಹಂಸಾ ಕಣ್ಣು ಬಿಡುತ್ತಾಳೆ. ತೇಜಸ್ವಿನಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಲೇ ಇದ್ದಳು. ಹಾಡು ಯಾರದೆಂಬ ತಕರಾರು ಬಿಟ್ಟು ತಾಳ ಹಾಕಿದೆ.
ಕೊನೆಯ ಸಾಲು ಬಂತು. ಎಲ್ಲರೂ ‘ಹನುಮಗಿರಿ ವಿಠಲ’ ಎಂದರು. ಪಕ್ಕದಲ್ಲಿದ್ದ ಸೀತಮ್ಮ ಹಾಗೆನ್ನಲಿಲ್ಲ. ಕಣ್ಣು ಮುಚ್ಚಿ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಆ ಜಾಗದಲ್ಲಿ ‘ಸುಶ್ರುತ’ ಎಂದರು.